ಬೆಂದುಹೋದ ಹೆಪ್ಪು

ನಮ್ಮ ಅಂಗಡಿಯ ಮೊಸರನ್ನು ಚಾಕುವಿನಲ್ಲಿ ಕೊಯ್ಯಬಹುದು. ಇದು ನನ್ನ ಜಂಬವಲ್ಲ, ಅತ್ತೆಯ ಜಂಬ. ಎದುರಿನ ಅಂಗಡಿಗೆ ಬಣ್ಣದ ಬಾಟಲಿಗಳ ಫ್ರಿಜ್ ಬಂದಾಗಲೂ, ಹಣ್ಣಿನ ರುಚಿಯ ಕಪ್ ಮೊಸರು ಬಂದಾಗಲೂ ಅವರು ಕ್ಯಾರೇ ಅನ್ನಲಿಲ್ಲ. ಅವರ ಧೈರ್ಯವೆಲ್ಲ ಹೆಪ್ಪಿನ ಕುಡಿಕೆಯಲ್ಲಿತ್ತು. ದಿನವೂ ಆ ಹೆಪ್ಪನ್ನು ಹಾಲಿಗೆ ಹಾಕುವುದು, ಆದ ಮೊಸರಿನಲ್ಲಿ ಒಂದಿಷ್ಟನ್ನು ಮತ್ತೆ ಕುಡಿಕೆಗೆ ಎತ್ತಿಡುವುದು. ಹೀಗೇ ನಲವತ್ತು ವರ್ಷ. ಅವರ ಅತ್ತೆ ತಮ್ಮ ಇಬ್ಬರು ಸೊಸೆಯರಿಗೂ ಹಂಚಿಕೊಟ್ಟಿದ್ದ ಹೆಪ್ಪು ಅದು.

ಅದನ್ನು ಹಾಳು ಮಾಡಿದವಳು ನಾನು.

ಹಾಲು ಕಾಯಿಸುವ ಸ್ಟೀಲ್ ಯಂತ್ರ ತರಿಸಿದ್ದು ನನ್ನದೇ ಹಟ. ಒಲೆ ಹೋಯಿತು, ಒಲೆಯ ಪಕ್ಕದಲ್ಲಿ ಕುಡಿಕೆ ಇಡುತ್ತಿದ್ದ ಬೆಚ್ಚನೆಯ ಗೂಡೂ ಹೋಯಿತು. ಚಳಿಗೆ ಹೆಪ್ಪು ಮಂಕಾಗುತ್ತದೆಂದು ಅತ್ತೆ ಮೂರು ದಿನ ಗೊಣಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವರ ಬಾಯಿ ಮುಚ್ಚಿಸಲೆಂದು ನಾನು ಕುಡಿಕೆಯನ್ನು ಯಂತ್ರದ ಮುಚ್ಚಳದ ಮೇಲಿಟ್ಟೆ. ಗಿರಾಕಿಗಳನ್ನು ಕಳಿಸಿ ಬಂದು ನೋಡಿದರೆ ಕುಡಿಕೆ ಮುಟ್ಟಲಾಗದಷ್ಟು ಸುಡುತ್ತಿತ್ತು. ಹೆಪ್ಪು ಒಡೆದು ನೀರಾಗಿತ್ತು.

ಅತ್ತೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. "ಬೆಂದೋಗಿದೆ" ಎಂದರು, ಅಷ್ಟೆ. ನಾಲ್ಕು ಬೈದಿದ್ದರೆ ವಾಸಿಯಿತ್ತು.

"ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕೋಣ್ವಾ?"

"ಹಾಕು. ಹಾಗೇ ಬೋರ್ಡ್ ಮೇಲೂ ಪ್ಯಾಕೆಟ್ಟಿನ ಹೆಸರೇ ಬರಿಸು."

ಅಂದಿನ ಮೊಸರೆಲ್ಲ ಮಾರಿಹೋಗಿತ್ತು. ಒಂದು ಚಮಚವಾದರೂ ಉಳಿದಿದೆಯೇ ಎಂದು, ನಮ್ಮ ಮೊಸರು ಕೊಳ್ಳುವ ನಾಲ್ಕು ಮನೆಗೆ ಓಡಿದೆ. ಮೂರು ಮನೆಯಲ್ಲಿ ಪಾತ್ರೆ ತೊಳೆದಿಟ್ಟಿದ್ದರು. ನಾಲ್ಕನೆಯವರು ಇದ್ದದ್ದನ್ನೆಲ್ಲ ಉಪ್ಪು ಹಾಕಿ ಮಜ್ಜಿಗೆ ಕಡೆದು, ನನಗೂ ಒಂದು ಲೋಟ ಕೊಟ್ಟು ಉಪಚರಿಸಿದರು. ಅಳು ನುಂಗಿಕೊಂಡು ಕುಡಿದೆ.

ವಾಪಸು ಬಂದಾಗ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು. "ಅಕ್ಕನ ಮನೆಗೆ ಹೋಗೋಣ ನಡಿ."

ಅಕ್ಕ ಎಂದರೆ ಅವರ ವಾರಗಿತ್ತಿ, ನನಗೆ ದೊಡ್ಡತ್ತೆ, ಹಿಂದಿನ ಬೀದಿಯಲ್ಲೇ ಮನೆ. ಯಾವುದೋ ಮದುವೆಯಲ್ಲಿ ಬಡಿಸುವಾಗ ಮಾತಿಗೆ ಮಾತು ಬೆಳೆದು ಹನ್ನೊಂದು ವರ್ಷದಿಂದ ಮುಖ ನೋಡಿರಲಿಲ್ಲ. ಆ ಬೀದಿಯಲ್ಲಿ ನಮ್ಮತ್ತೆ ಕಾಲಿಡುತ್ತಿರಲಿಲ್ಲ. ಔಷಧಿ ಅಂಗಡಿಗೂ ಸುತ್ತು ಬಳಸಿಯೇ ಹೋಗುತ್ತಿದ್ದರು. ನನ್ನ ದೆಸೆಯಿಂದ ಅವರು ತಲೆ ತಗ್ಗಿಸಬೇಕಾಯಿತಲ್ಲ ಎಂದುಕೊಳ್ಳುತ್ತ ಹಿಂದೆ ನಡೆದೆ.

ದೊಡ್ಡತ್ತೆ ಬಾಗಿಲು ತೆರೆದರು. ನಮ್ಮತ್ತೆ ಖಾಲಿ ಕುಡಿಕೆಯನ್ನು ಮುಂದೆ ಹಿಡಿದರು.

"ನಮ್ಮ ಹೆಪ್ಪು ಹೋಯ್ತು ಅಕ್ಕ. ನಿನ್ನದರಲ್ಲಿ ಒಂದು ಚಮಚ ಕೊಡು."

ದೊಡ್ಡತ್ತೆ ಒಳಗಿನಿಂದ ಒಂದು ಬಟ್ಟಲು ತಂದರು. ಮೇಲೆ ದಪ್ಪ ಕೆನೆ. ಅತ್ತೆ ಬೆರಳದ್ದಿ ರುಚಿ ನೋಡಿದರು, ಮತ್ತೊಮ್ಮೆ ನೋಡಿದರು. ಕಣ್ಣೆತ್ತಿ ದೊಡ್ಡತ್ತೆಯನ್ನೇ ದಿಟ್ಟಿಸಿದರು.

"ಹೌದು, ನಿಂದೇ ಮೊಸರು" ಎಂದರು ದೊಡ್ಡತ್ತೆ. "ನನ್ನ ಹೆಪ್ಪು ನಾವು ಮಾತು ಬಿಟ್ಟ ವರ್ಷವೇ ಹೋಯ್ತು. ಬೇರೆ ಯಾವುದೂ ಬಾಯಿಗೆ ಹಿಡಿಸ್ಲಿಲ್ಲ. ಪಕ್ಕದ ಮನೆ ಟೈಲರ್ ದಿನಾ ನಿಮ್ಮ ಅಂಗಡಿಯಿಂದ ತಂದುಕೊಡ್ತಾನೆ."

"ಬಂದು ಕೇಳ್ಬಾರದಿತ್ತಾ?"

"ಕೇಳೋಣ ಅಂತ ನಿಮ್ಮ ಬೀದಿ ಮೂಲೆ ತನಕ ಎಷ್ಟೋ ಸಲ ಬಂದಿದೀನಿ. ಬಾಗಿಲಿಗೆ ಬರೋಕೆ ಧೈರ್ಯ ಬರ್ಲಿಲ್ಲ."

ಅತ್ತೆ ಕುಡಿಕೆ ತುಂಬಿಸಿ ನನ್ನ ಕೈಗಿಟ್ಟರು. ಆಮೇಲೆ ಚಪ್ಪಲಿ ಕಳಚಿದರು.

"ನೀನು ಹೋಗು, ಹಾಲು ಆರಿರುತ್ತೆ. ನಾನು ಇಲ್ಲೇ ಊಟ ಮಾಡ್ಕೊಂಡು ಬರ್ತೀನಿ."