ಒಂದು ಕಾಲರ್

ಕಂಪನಿಯ ವಕೀಲರು ಕೈಚೀಲದಿಂದ ಮೊದಲು ಒಂದು ತುಂಡು ಬಿಳಿ ಬಟ್ಟೆ ತೆಗೆದರು, ಆಮೇಲೆ ಕತ್ತರಿ. ಎರಡನ್ನೂ ಪರಿಹಾರದ ಅಧಿಕಾರಿಯ ಮೇಜಿನ ಮೇಲೆ, ನೆಂಟರಿಗೆ ತಟ್ಟೆ ಇಡುವಷ್ಟು ಮರ್ಯಾದೆಯಿಂದ ಇಟ್ಟರು.

"ಕಟಿಂಗ್ ಮಾಸ್ತರ್ರೇ, ನಿಮ್ಮ ಕೈ ಬಗ್ಗೆ ಫ್ಯಾಕ್ಟರಿ ತುಂಬಾ ಮಾತು. ಗುರುತು ಹಾಕದೇನೇ ಕಾಲರ್ ಕತ್ತರಿಸ್ತೀರಂತೆ. ನಮಗೂ ಒಂದು ತೋರಿಸಿ, ನೋಡೋಣ."

ಗೋಡೆ ಬದಿಯ ಬೆಂಚಿನಲ್ಲಿ ಮಾಸ್ತರರ ಹೆಂಡತಿ ಕೂತಿದ್ದಳು. ಇದು ಅಟ್ಟಕ್ಕೇರಿಸಿ ಏಣಿ ತೆಗೆಯುವ ಮಾತು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಗದಿದ್ದದ್ದು ಮಾಸ್ತರರಿಗೊಬ್ಬರಿಗೇ. ಅವರ ಬೆನ್ನು ಆಗಲೇ ನೆಟ್ಟಗಾಗಿತ್ತು.

ಉಚಿತ ಕಾನೂನು ನೆರವಿನ ಕಚೇರಿಯಿಂದ ಬಂದಿದ್ದ ಲಾಯರಮ್ಮ ಎದ್ದು ನಿಂತಳು. "ಸಾರ್, ಇದೇನು ಸರ್ಕಸ್ಸಾ?"

"ಅವರಿಗೆ ಇಷ್ಟ ಇದ್ದರೆ ಮಾಡಲಿ," ಎಂದರು ಅಧಿಕಾರಿ, ಕಡತದಿಂದ ತಲೆ ಎತ್ತದೆ.

ಲಾಯರಮ್ಮ ಬೆಳಿಗ್ಗೆ ಮೆಟ್ಟಿಲ ಹತ್ತಿರ ಅಷ್ಟು ಹೇಳಿದ್ದಳು. 'ನೋವಿದ್ದರೆ ಇದೆ ಅನ್ನಿ, ಆಗದಿದ್ದರೆ ಆಗಲ್ಲ ಅನ್ನಿ, ಹೆಚ್ಚು ಬೇಡ.' ಮಾಸ್ತರರು ನಕ್ಕಿದ್ದರು. 'ಅಳೋ ಕಸುಬು ನಾನು ಕಲೀಲಿಲ್ಲಮ್ಮ.'

ಇಪ್ಪತ್ತೆರಡು ವರ್ಷ ಅವರು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಲಿತದ್ದು ಬಟ್ಟೆ ಕತ್ತರಿಸುವುದನ್ನು. ಅರವತ್ತು ಪದರ ಒಂದರ ಮೇಲೊಂದು ಹಾಸಿ, ಯಂತ್ರದ ಓಡುವ ಅಲಗಿಗೆ ತಳ್ಳುವ ಕೆಲಸ. ಉಕ್ಕಿನ ಹೆಣಿಗೆಯ ಕೈಗವಸು ಇತ್ತು, ಬೀರುವಿನಲ್ಲಿ. ತಪಾಸಣೆಯವರು ಬರುವ ದಿನ ಬೀರು ತೆರೆಯುತ್ತಿತ್ತು, ಅವರ ಕಾರು ಗೇಟು ದಾಟಿದ ಮೇಲೆ ಮುಚ್ಚುತ್ತಿತ್ತು. ಗವಸು ಹಾಕಿದರೆ ಕೈ ನಿಧಾನವಂತೆ. ಎಂಟು ತಿಂಗಳ ಹಿಂದೆ ಅಲಗು ಬಲಗೈಯ ಮೂರು ಬೆರಳು ತೆಗೆದುಕೊಂಡು ಹೋಯಿತು. ಉಳಿದ ಹೆಬ್ಬೆರಳು, ಕಿರುಬೆರಳು ಮಡಚುವುದಿಲ್ಲ. ಈಗ ಕಂಪನಿ ಹೇಳುವುದು, ಕೈ ಹೋಗಿದ್ದರೂ ಕಸುಬು ಹೋಗಿಲ್ಲ, ಪರಿಹಾರ ಯಾಕೆ ಎಂದು.

ಮಾಸ್ತರರು ಕತ್ತರಿಯನ್ನು ಎಡಗೈಗೆ ತೆಗೆದುಕೊಂಡರು. ಹಳೆ ಪತ್ರಿಕೆಗಳ ಮೇಲೆ ತಿಂಗಳುಗಟ್ಟಲೆ ಕತ್ತರಿಸಿ ಕಲಿತ ಎಡಗೈ. ಬಲಗೈಯ ಮೊಂಡನ್ನು ಬಟ್ಟೆಯ ಮೇಲೆ ಒತ್ತಿ ಹಿಡಿದರು. ಕೋಣೆಯಲ್ಲಿ ಕತ್ತರಿಯ ಸದ್ದೊಂದೇ. ಬಾಗು ಬಂದಲ್ಲಿ ಬಾಗಿತು, ಮೂಲೆ ಬಂದಲ್ಲಿ ನಿಂತಿತು. ಕಾಲರ್ ಬಿಡಿಸಿಕೊಂಡು ಬಂತು, ಅಚ್ಚಿನಲ್ಲಿ ಒತ್ತಿದ ಹಾಗೆ. ಮಾಸ್ತರರು ಅದನ್ನೆತ್ತಿ ಎಲ್ಲರಿಗೂ ತೋರಿಸಿದರು, ಬಹುಮಾನ ಗೆದ್ದ ಹುಡುಗನ ಮುಖ ಮಾಡಿಕೊಂಡು.

"ಭೇಷ್!" ಎಂದು ಚಪ್ಪಾಳೆ ತಟ್ಟಿದ, ವಕೀಲರ ಪಕ್ಕ ಕೂತಿದ್ದ ಕಂಪನಿಯ ಮ್ಯಾನೇಜರ್.

"ದಯವಿಟ್ಟು ದಾಖಲಿಸಿಕೊಳ್ಳಿ ಸಾರ್," ಎಂದರು ವಕೀಲರು. "ಅರ್ಜಿದಾರರ ದುಡಿಯುವ ಶಕ್ತಿಗೆ ಏನೂ ಕುಂದಿಲ್ಲ."

ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಆ ಮುಚ್ಚಳದ ಸಣ್ಣ ಸದ್ದಿಗೆ ಹೆಂಡತಿ ಎದ್ದು ನಿಂತಳು. ಬಸ್ಸಿನಲ್ಲಿ ತನ್ನ ಕಾಲು ತುಳಿದವರಿಗೆ ತಾನೇ 'ತಪ್ಪಾಯ್ತು' ಎನ್ನುವ ಹೆಂಗಸು ಅವಳು. ಎದ್ದದ್ದು ಅವಳಿಗೇ ಗೊತ್ತಿರಲಿಲ್ಲ.

"ಸ್ವಾಮಿ, ಬರೀಬೇಡಿ."

"ಏಯ್, ಸುಮ್ನೆ ಕೂತ್ಕೊಳ್ಳೇ," ಎಂದರು ಮಾಸ್ತರರು.

"ಕೂತು ಕೂತೇ ಸಾಕಾಗಿದೆ." ಅವಳು ಮೇಜಿನ ಹತ್ತಿರ ಬಂದಳು. "ಅಷ್ಟು ಚೆನ್ನಾಗಿರೋ ಕೈ ಅಲ್ವಾ? ಹಾಗಾದ್ರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಕರ್ಕೊಳ್ಳಿ. ಆಸ್ಪತ್ರೆ ಮಂಚದಲ್ಲಿ ಮಲಗಿದ್ದಾಗ್ಲೇ ಗೇಟಿನ ಕಾರ್ಡು ಕಿತ್ಕೊಂಡು ಹೋದ್ರಲ್ಲ, ಯಾಕೆ? ಮ್ಯಾನೇಜರ್ ಸಾರ್, ಈಗ ಚಪ್ಪಾಳೆ ತಟ್ಟಿದ್ರಿ. ಕರ್ಕೊಳ್ತೀರಾ?"

ಮ್ಯಾನೇಜರ್ ಟೈ ಸರಿ ಮಾಡಿಕೊಂಡ. "ಅದು... ಸದ್ಯಕ್ಕೆ ಜಾಗ ಖಾಲಿ ಇಲ್ಲಮ್ಮ."

"ಜಾಗ ಇಲ್ಲ! ಒಂದು ಪದರದ ಒಂದು ಕಾಲರ್ ಕತ್ತರಿಸೋಕೆ ಯಾವ ಫ್ಯಾಕ್ಟರಿಲಿ ಸಂಬಳ ಕೊಡ್ತಾರೆ, ಹೇಳಿ. ನಿಮ್ಮಲ್ಲಿ ಅರವತ್ತು ಪದರ, ಬೆಳಗಿನ ಗಂಟೆಯಿಂದ ಸಂಜೆ ಗಂಟೆವರೆಗೆ ನಿಂತುಕೊಂಡು. ಇವರು ಇದೊಂದನ್ನ ಕತ್ತರಿಸಿದ್ದಕ್ಕೆ ಇನ್ನೆರಡು ದಿನ ಆ ಎಡಗೈ ಅನ್ನದ ತಟ್ಟೆಗೂ ಏಳಲ್ಲ."

"ಮನೆಯವರು ಹಾಗೇ ಹೇಳ್ತಾರೆ ಸಾರ್," ಎಂದರು ವಕೀಲರು, ನಗುತ್ತ. "ನಾವು ಕಣ್ಣಾರೆ ಕಂಡೆವಲ್ಲ."

ಅವಳು ಗಂಡನ ಕಡೆ ನೋಡಿದಳು. ಮಾಸ್ತರರು ತಲೆ ಅಲ್ಲಾಡಿಸಿದರು, ಬೇಡ ಎಂದು. ಮುಂದೆ ಏನು ಬರುತ್ತದೆ ಎಂದು ಅವರಿಗೆ ತಿಳಿದುಹೋಗಿತ್ತು. ಅವರ ಅಣ್ಣನಿಗೂ ಗೊತ್ತಿಲ್ಲದ, ಮದುವೆಯಾದ ಮಗಳಿಗೂ ಗೊತ್ತಿಲ್ಲದ ಸಂಗತಿ.

"ನೀವು ಕಾಣದ್ದು ಹೇಳ್ತೀನಿ," ಎಂದಳು. "ಈ ಮನುಷ್ಯ ಎಂಟು ತಿಂಗಳಿಂದ ತನ್ನ ಪ್ಯಾಂಟಿನ ಗುಂಡಿ ತಾನು ಹಾಕ್ಕೊಂಡಿಲ್ಲ. ನಾನು ಹಾಕ್ತೀನಿ. ಒಂದಕ್ಕೆ ಹೋದ್ರೆ ಜನರೆದುರು ನಾನು ಗುಂಡಿ ಹಾಕಬೇಕಾಗತ್ತೆ ಅಂತ, ಪೇಟೆಗೆ ಹೋಗೋದಿದ್ರೆ ಹಿಂದಿನ ದಿನದಿಂದ ನೀರು ಕುಡಿಯೋದು ಬಿಡ್ತಾರೆ. ಇವತ್ತೂ ಕುಡಿದಿಲ್ಲ. ಊರಿಗೆಲ್ಲ ಅಂಗಿ ಕತ್ತರಿಸಿ ಕೊಟ್ಟೋರು ಸ್ವಾಮಿ. ಬರ್ಕೊಳ್ಳಿ. ಇದನ್ನ ಬರ್ಕೊಳ್ಳಿ."

ಅಧಿಕಾರಿ ಮೊದಲ ಸಲ ಕಡತ ಬಿಟ್ಟು ಮಾಸ್ತರರ ಮುಖ ನೋಡಿದರು.

"ಹೌದೇನ್ರಿ?"

ಮಾಸ್ತರರು ಕಾಲರನ್ನು ಮೇಜಿನ ಮೇಲಿಟ್ಟರು.

"ಹೌದು."

ಅಧಿಕಾರಿ ಬರೆದುಕೊಂಡರು. ಆಮೇಲೆ ವಕೀಲರ ಕಡೆ ತಿರುಗಿದರು. "ಮುಂದಿನ ವಾಯಿದೆಗೆ ಇವರಿಗೆ ಹಳೇ ಕೆಲಸ ಕೊಡ್ತೀವಿ ಅಂತ ಬರೆದು ತನ್ನಿ. ಇಲ್ಲಾಂದ್ರೆ ಕೈ ಸರಿ ಇದೆ ಅನ್ನೋ ಮಾತು ಇಲ್ಲಿ ಇನ್ನೊಂದು ಸಲ ಆಡಬೇಡಿ. ಆ ಕತ್ತರಿ ಒಳಗಿಡಿ."

ಹೊರಗೆ ಲಾಯರಮ್ಮ ಮಾಸ್ತರರ ಹೆಂಡತಿಯ ಕೈ ಹಿಡಿದು, "ಗೆದ್ದಂಗೇ ಅಂದ್ಕೊಳ್ಳಿ ಅಕ್ಕಾ," ಎಂದಳು. ಅವಳಿಗೆ ಕೇಳಿಸಲಿಲ್ಲ. ಮಾಸ್ತರರು ಹಿಂತಿರುಗಿ ನೋಡದೆ ಓಣಿಯ ಕೊನೆಗೆ ಹೋಗಿದ್ದರು. ಅಲ್ಲಿ ಗೋಡೆ ಬದಿಗೆ ಕುಡಿಯುವ ನೀರಿನ ಡ್ರಮ್ಮಿತ್ತು. ಒಂದು ಲೋಟ ಕುಡಿದರು, ಮತ್ತೊಂದು, ಮತ್ತೂ ಒಂದು. ಆಮೇಲೆ ಪಕ್ಕದ ಶೌಚಾಲಯದ ಬಾಗಿಲು ತಳ್ಳಿ ಒಳಗೆ ಹೋದರು.

ಹೊರಬಂದಾಗ ಅಂಗಿ ಹೊರಗೆ ಇಳಿಬಿದ್ದಿತ್ತು. ಓಣಿಯಲ್ಲಿ ಜನ ಓಡಾಡುತ್ತಿದ್ದರು, ಕಡತ ಹೊತ್ತವರು, ಸರದಿಗೆ ಕಾದವರು, ವಕೀಲರೊಡನೆ ಮ್ಯಾನೇಜರ್. ಮಾಸ್ತರರು ಬದಿಗೆ ಸರಿಯಲಿಲ್ಲ. ಎಡಗೈಯಿಂದ ಅಂಗಿಯ ಅಂಚು ಎತ್ತಿ ಹಿಡಿದು, ಎದುರಿನ ಕಿಟಕಿಯಾಚೆ ನೋಡುತ್ತ ನಿಂತರು.

ಅವಳು ಚೀಲವನ್ನು ನೆಲಕ್ಕಿಟ್ಟು ಬಾಗಿದಳು.