ಸಾಕ್ಸ್ ಒಣಗಿಸುವ ಪೆಟ್ಟಿಗೆ

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಲ್ಯಾಬಿನಲ್ಲಿ ನಾವು ಆರು ಜನ ಕೂತು ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಕಟ್ಟುತ್ತೇವೆ. ದಿನವಿಡೀ ಪ್ಲಾಸ್ಟರ್ ಉಜ್ಜುವ ಕೆಲಸ. ಸಂಜೆ ಹೊರಡುವಾಗ ಹುಬ್ಬು ನರೆತಿರುತ್ತದೆ. ಅಂಥ ಧೂಳಿನಲ್ಲಿ ಫ್ಯಾನಿರುವ ಕಂಪ್ಯೂಟರು ಆರು ತಿಂಗಳೂ ಬಾಳುವುದಿಲ್ಲ, ಫ್ಯಾನು ಧೂಳನ್ನೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಸ್ಕ್ಯಾನರಿಗೆ ಫ್ಯಾನೇ ಇಲ್ಲದ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿದ್ದರು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಸುತ್ತ ಎಲ್ಲ ಮುಚ್ಚಿದೆ, ಮೈಮೇಲೆ ಉದ್ದುದ್ದ ಲೋಹದ ಹಲ್ಲುಗಳು. ಒಳಗಿನ ಬಿಸಿ ಆ ಹಲ್ಲುಗಳಿಂದ ತಾನಾಗಿ ಹೊರಗೆ ಹೋಗುತ್ತದೆ. ಹೊಸ ಸ್ಕ್ಯಾನರ್ ಬಂದ ದಿನ ಯಜಮಾನರು ಅದನ್ನು ನನ್ನ ಕೈಗಿತ್ತರು.

"ತಗೊಂಡು ಹೋಗಮ್ಮ. ಇಲ್ಲಿದ್ರೆ ಬಾಗಿಲಿಗೆ ಅಡ್ಡ ಇಡೋಕಾಗುತ್ತೆ, ಅಷ್ಟೆ."

ನಮ್ಮ ಮನೆಯ ರೌಟರೋ, ದಿನಕ್ಕೆರಡು ಸಲ ಮೂರ್ಛೆ ಹೋಗುತ್ತಿತ್ತು. ಈ ಪೆಟ್ಟಿಗೆಯನ್ನೇ ರೌಟರ್ ಮಾಡಿದರೆ ಕಲ್ಲುಬಂಡೆ ಹಾಗೆ ಇರುತ್ತದೆ ಎಂದು ಲ್ಯಾಬಿನ ಕಂಪ್ಯೂಟರ್ ರಿಪೇರಿಯವರು ಹೇಳಿದ್ದರು. ಐದು ಸಂಜೆ ಕೂತು, ವಿಡಿಯೋ ನೋಡಿ, ಎರಡು ಸಲ ಎಲ್ಲ ಅಳಿಸಿ ಮತ್ತೆ ಹಾಕಿ, ಆರನೆಯ ಸಂಜೆ ಪೆಟ್ಟಿಗೆಯನ್ನು ಹಾಲ್‌ನ ಶೆಲ್ಫಿನ ಮೇಲೆ ಪ್ರತಿಷ್ಠಾಪಿಸಿದೆ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದೇನೇ ಇದು, ಬಾಚಣಿಗೆಗೆ ಹೊಟ್ಟೆ ಬಂದ ಹಾಗಿದೆ! ಸದ್ದೇ ಇಲ್ವಲ್ಲ, ಜೀವ ಇದೆಯಾ?"

"ಮುಟ್ಟಿ ನೋಡಿ."

ಮುಟ್ಟಿದರು. ಮಲಗಿದ ಬೆಕ್ಕಿನ ಹೊಟ್ಟೆಯಷ್ಟು ಬೆಚ್ಚಗಿತ್ತು. ಮುಖದಲ್ಲಿ ಏನೋ ಹೊಳೆಯಿತು. ಮರುದಿನ ನಾನು ಬರುವಷ್ಟರಲ್ಲಿ ಪೆಟ್ಟಿಗೆಯ ಹಲ್ಲುಗಳ ಮೇಲೆ ಮಕ್ಕಳ ನಾಲ್ಕು ಸಾಕ್ಸ್ ಸಾಲಾಗಿ ಮಲಗಿದ್ದವು.

"ಅತ್ತೆ! ಅದಕ್ಕೆ ಉಸಿರು ಕಟ್ಟುತ್ತೆ!"

"ನಿನ್ನ ನೆಟ್ಟು ಬರುತ್ತೋ ಬಿಡುತ್ತೋ, ಬೆಳಗಾಗೋದರೊಳಗೆ ಸಾಕ್ಸ್ ಒಣಗುತ್ತೆ. ಮನೆಗೆ ಒಂದು ಉಪಯೋಗಕ್ಕೆ ಬಂತಲ್ಲ, ಸುಮ್ನಿರು."

ನಮ್ಮ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಮನೆ. ನೆಲಮಾಳಿಗೆಯಲ್ಲಿರುವ ಒಂದು ಮೆಷಿನ್ನಿಂದ ಎಲ್ಲರ ಮನೆಗೂ ಗೋಡೆಯೊಳಗೆ ನೆಟ್ಟಿನ ವೈರು ಬಂದಿದೆ. ಆ ಮೆಷಿನ್ನಿನ ಯಜಮಾನ, ಸೇವಕ, ಡಾಕ್ಟರು ಎಲ್ಲ ಲೈನಣ್ಣನೇ. ಐವತ್ತು ದಾಟಿದ ಮನುಷ್ಯ, ಸೊಂಟಕ್ಕೊಂದು ಚೀಲ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಪೆಟ್ಟಿಗೆಗೆ ಬೇಕಾದ ನಂಬರನ್ನು ಒಂದು ಕಾರ್ಡಿನಲ್ಲಿ ಬರೆದುಕೊಟ್ಟು ಹೋಗುವಾಗ ಹೇಳಿಯೇ ಹೋಗಿದ್ದ. "ಅಕ್ಕಾ, ಗೋಡೆಯ ಒಂದು ತೂತಿಂದ ಪೆಟ್ಟಿಗೆಗೆ ಒಂದೇ ವೈರು. ಅಷ್ಟೆ. ಬೇರೆ ಏನಾದ್ರೂ ಮಾಡೋ ಮುಂಚೆ ನನಗೊಂದು ಮಾತು ಹೇಳಿ."

"ನಾನು ದಿನಾ ಇಪ್ಪತ್ತೆಂಟು ಹಲ್ಲು ಜೋಡಿಸ್ತೀನಿ ಲೈನಣ್ಣ. ಮೂರು ತೂತು ನೋಡ್ಕೊಳ್ಳೋಕಾಗಲ್ವಾ?"

ಆ ಮಾತನ್ನು ಈಗ ನೆನೆಸಿಕೊಂಡರೆ ನನ್ನ ಹಲ್ಲೇ ಜುಮ್ಮೆನ್ನುತ್ತದೆ.

ಹಾಲ್‌ನ ಗೋಡೆಯಲ್ಲಿ ವೈರು ಚುಚ್ಚಲು ಅಕ್ಕಪಕ್ಕ ಎರಡು ತೂತು, ಮಕ್ಕಳ ಕೋಣೆಯಲ್ಲಿ ಒಂದು. ನನ್ನ ಲೆಕ್ಕ ಸರಳವಾಗಿತ್ತು: ಹಾಲಿನ ಮೊದಲನೆಯ ತೂತಿಗೆ ಕೆಳಗಿನಿಂದ ಲೈನು ಬರುತ್ತದೆ, ಎರಡನೆಯದು ಗೋಡೆಯೊಳಗೇ ಸಾಗಿ ಮಕ್ಕಳ ಕೋಣೆಗೆ ಹೋಗುತ್ತದೆ. ಇಲ್ಲದಿದ್ದರೆ ಒಂದೇ ಗೋಡೆಗೆ ಎರಡು ತೂತು ಯಾಕೆ ಕೊರೆಯುತ್ತಾರೆ? ಪೆಟ್ಟಿಗೆಯಿಂದ ಎರಡಕ್ಕೂ ವೈರು ಚುಚ್ಚಿದೆ. ಮಕ್ಕಳ ಕೋಣೆಯಲ್ಲಿ ನೆಟ್ಟು ಝುಮ್ಮೆಂದು ಬಂತು. ಬಂತು ಎಂದ ಮೇಲೆ ಲೆಕ್ಕ ಸರಿ ಎಂದುಕೊಂಡೆ. ಹಲ್ಲಿನ ಸೆಟ್ಟು ಬಾಯಿಗೆ ಕೂತ ಮಾತ್ರಕ್ಕೆ ಸರಿಯಾಯಿತು ಎನ್ನುವಂತಿಲ್ಲ, ಕಚ್ಚಿಸಿ ನೋಡಬೇಕು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ.

ಆಮೇಲೆ ನಾನು ಇಷ್ಟೆಲ್ಲ ಪಾಡುಪಟ್ಟದ್ದು ಯಾವುದಕ್ಕೋ ಅದನ್ನು ಮಾಡಿದೆ. ರಾತ್ರಿ ಎಂಟರಿಂದ ಒಂಬತ್ತು ನೆಟ್ಟು ಬಂದ್. ನನ್ನ ಲ್ಯಾಪ್‌ಟಾಪಿಗೆ, ಎಂಟೂವರೆಗೆ ಕೆಲಸ ಮುಗಿಸಿ ಬರುವ ನನ್ನವರ ಫೋನಿಗೆ ಮಾತ್ರ ವಿನಾಯಿತಿ. ಉಳಿದ ಯಾರೇ ಇರಲಿ, ಒಂದು ಗಂಟೆ ಉಪವಾಸ. ಆ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು, ಹೋಮ್‌ವರ್ಕ್ ಮುಗಿಯಬೇಕು.

ಹದಿಮೂರರ ಮಗಳು ಪಾಸ್‌ವರ್ಡಿಗಾಗಿ ನನ್ನ ಹುಟ್ಟಿದ ದಿನ, ಅಪ್ಪನ ಗಾಡಿ ನಂಬರು, ತಮ್ಮನ ಅಡ್ಡಹೆಸರು ಎಲ್ಲ ಹಾಕಿ ನೋಡಿದಳು. "ಹೇಳಮ್ಮಾ, ಪ್ಲೀಸ್. ಮೊದಲನೇ ಅಕ್ಷರ ಮಾತ್ರ."

"ನನ್ನ ಹಲ್ಲು ಕಿತ್ತರೂ ಹೇಳಲ್ಲ," ಎನ್ನುತ್ತಿದ್ದೆ, ಪ್ರತಿ ಸಲವೂ.

ಎರಡು ವಾರ ನಮ್ಮ ಮನೆ ಸ್ವರ್ಗ. ಎಂಟಕ್ಕೆ ಸರಿಯಾಗಿ ಮಕ್ಕಳು ಗೊಣಗುತ್ತ ತಟ್ಟೆ ಹಾಕುತ್ತಿದ್ದರು.

ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಗದ್ದಲ ಶುರುವಾಯಿತು. ಮೊದಲು ಎರಡನೇ ಮಹಡಿಯಲ್ಲಿ ಒಂದು ಮನೆಗೆ ನೆಟ್ಟಿಲ್ಲ. ಆಮೇಲೆ ಮೂರು ಮನೆಗೆ. ಒಂದು ದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು ನೋಡಿ, ಅವತ್ತಿನಿಂದ ಹೆಚ್ಚುಕಡಿಮೆ ಇಡೀ ಕಟ್ಟಡಕ್ಕೇ ಇಲ್ಲ. ಬೇರೆ ಹೊತ್ತಿನಲ್ಲಿ ಆಮೆ, ಎಂಟರಿಂದ ಒಂಬತ್ತು ಪೂರ್ತಿ ಹೆಣ. ಕಟ್ಟಡದ ಸಮಿತಿಗೆ ಅಧ್ಯಕ್ಷರು ರಿಟೈರಾದ ಹೆಡ್‌ಮಾಸ್ತರು. ಎಂಟು ಗಂಟೆಯ ಧಾರಾವಾಹಿ ಸುತ್ತುತ್ತ ನಿಂತುಬಿಟ್ಟರೆ ಅವರು ಪೈಜಾಮದಲ್ಲೇ ಮೆಟ್ಟಿಲಿಗೆ ಬಂದು ಲೈನಣ್ಣನನ್ನು ಕೂಗುತ್ತಿದ್ದರು.

"ಕೆಳಗೆ ಲೈನು ಸರಿ ಇದೆ ಸಾರ್," ಎನ್ನುತ್ತಿದ್ದ ಅವನು, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ.

"ಸರಿ ಇದ್ರೆ ನನ್ನ ಟಿ.ವಿ. ಯಾಕಪ್ಪ ಚಕ್ರ ತಿರುಗಿಸ್ತಾ ಕೂತಿದೆ? ವ್ಯಾಯಾಮಕ್ಕಾ?"

ಒಂದು ಸಂಜೆ ನಮ್ಮ ಬಾಗಿಲಿಗೂ ಬಂದ. ಚೀಲದ ಪಟ್ಟಿ ಬಿಗಿದು ಅಂಗಿಯೆಲ್ಲ ಬೆವರು. "ಅಕ್ಕಾ, ಮನೆ ಮನೆ ನೋಡ್ತಾ ಇದ್ದೀನಿ. ಒಂದು ನಿಮಿಷ ಒಳಗೆ…"

ನಾನು ಒಲೆ ಮೇಲೆ ಏನೋ ಇಟ್ಟಿದ್ದೆ. "ನಮ್ಮ ಮನೇಲಿ ಎಲ್ಲಾ ಸರಿ ಇದೆ ಲೈನಣ್ಣ. ನನ್ನ ಲ್ಯಾಪ್‌ಟಾಪಲ್ಲಿ ಈಗಲೂ ಬರ್ತಾ ಇದೆ. ತೊಂದರೆ ಇರೋ ಕಡೆ ನೋಡಿ," ಎಂದು ಬಾಗಿಲು ಮುಂದೆ ಮಾಡಿದೆ. ಒಳಗೊಳಗೇ ಒಂಚೂರು ಜಂಭವೂ ಇತ್ತು; ಸುಳ್ಳು ಹೇಳುವುದೇಕೆ?

ಭಾನುವಾರ ಏಳೂವರೆಗೆ ಕೆಳಗಿನ ಹಾಲ್‌ನಲ್ಲಿ ಸಭೆ ಎಂದು ಹೆಡ್‌ಮಾಸ್ತರು ಕಾಗದ ಅಂಟಿಸಿದರು. ವಿಷಯ ಒಂದೇ: ಲೈನಣ್ಣನನ್ನು ಬಿಡಿಸಿ ಬೇರೆ ಕಂಪನಿಯವರನ್ನು ಕರೆಯುವುದು. ಹನ್ನೊಂದು ವರ್ಷ ಇಲ್ಲೇ ದುಡಿದವನು. ಅವನಿಗಿದ್ದದ್ದು ಇದೊಂದೇ ಕಟ್ಟಡ.

ಭಾನುವಾರ ಸಂಜೆ ನಾನು ಸಭೆಗೆ ಹೋಗುವುದೋ ಬೇಡವೋ ಎಂದು ಬಟ್ಟೆ ಮಡಚುತ್ತಿದ್ದೆ. ಅತ್ತೆ ಸಾಕ್ಸ್ ತಂದು ರಾಶಿಗೆ ಎಸೆದರು.

"ಪೆಟ್ಟಿಗೆ ಈಚೆಗೆ ಚುರುಕಾಗಿದೆ ಕಣೇ. ಮೊದಲೆಲ್ಲ ರಾತ್ರಿಯಿಡೀ ಬೇಕಿತ್ತು. ಇವತ್ತು ಒಂದೇ ಗಂಟೆ, ಗರಿಗರಿ! ಕೈ ಇಟ್ರೆ ಚುರ್ ಅನ್ನುತ್ತೆ. ಆದ್ರೆ ಎಂಟು ಗಂಟೆಗೆ ಹಾಕಬಾರದು. ಆಗ ಅದು ತಣ್ಣಗಾಗಿಬಿಡುತ್ತೆ, ಒಂಬತ್ತಕ್ಕೆ ಮತ್ತೆ ಕಾಯುತ್ತೆ."

ಕೈಯಲ್ಲಿದ್ದ ಅಂಗಿ ಅಲ್ಲೇ ಬಿತ್ತು. ಐದು ಜನರ ಮನೆಗೆ ದಾರಿ ತೋರಿಸಲು ಪೆಟ್ಟಿಗೆ ಅಷ್ಟೊಂದು ಯಾಕೆ ಬೆವರುತ್ತದೆ? ಲ್ಯಾಪ್‌ಟಾಪ್ ತೆಗೆದು, ಪೆಟ್ಟಿಗೆಯಿಂದ ನೆಟ್ಟು ಪಡೆಯುತ್ತಿರುವವರ ಪಟ್ಟಿ ನೋಡಿದೆ. ನಮ್ಮದು ಏಳು ಇರಬೇಕು. ಇಪ್ಪತ್ತೊಂಬತ್ತು ಇದ್ದವು. ಒಂದರ ಹೆಸರು 'ಕೇಳಬೇಡಿ', ಅದು ಮೂರನೇ ಮಹಡಿಯ ಅವಳಿ ಹುಡುಗಿಯರ ಮನೆಯದು. ಇನ್ನೊಂದರ ಹೆಸರು 'ಹೆಡ್‌ಮಾಸ್ಟರ್ ನಿವಾಸ'. ಎರಡನೆಯ ತೂತು ಮಕ್ಕಳ ಕೋಣೆಗಲ್ಲ, ನೆಲಮಾಳಿಗೆಗೆ ಹೋಗುತ್ತಿತ್ತು. ನಾನು ನನ್ನ ಇಬ್ಬರು ಮಕ್ಕಳಿಗೆ ಹಾಕಿದ ಉಪವಾಸವನ್ನು ಇಡೀ ಕಟ್ಟಡ ಮಾಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಬರೆ ಮಾತ್ರ ಲೈನಣ್ಣನಿಗೆ.

ವೈರು ಕಿತ್ತು ಸುಮ್ಮನಾದರೆ? ನಾಳೆಯಿಂದ ಎಲ್ಲ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಬಂದದ್ದು ನಿಜ. ಕೈ ವೈರಿನವರೆಗೂ ಹೋಗಿತ್ತು. ಆದರೆ ಕೆಳಗೆ ಆಗಲೇ ಸಭೆ ಕೂತಿತ್ತು. ಸರಿಹೋಗುವುದು ನೆಟ್ಟು ಮಾತ್ರ, ಲೈನಣ್ಣನಲ್ಲ.

ಮನೆಬಟ್ಟೆಯಲ್ಲೇ ಇಳಿದು ಓಡಿದೆ. ಲೈನಣ್ಣ ಗೋಡೆಗೊರಗಿ ನಿಂತಿದ್ದ. ಹೆಡ್‌ಮಾಸ್ತರು ಕಾಗದ ಓದುತ್ತಿದ್ದರು. "…ಆದುದರಿಂದ ಸದರಿಯವರ ಸೇವೆಯನ್ನು…"

"ಒಂದು ನಿಮಿಷ ಸಾರ್. ತಪ್ಪು ಅವರದಲ್ಲ. ನನ್ನದು."

ಎಲ್ಲರೂ ತಿರುಗಿದರು. ಎರಡು ತೂತು, ಪೆಟ್ಟಿಗೆ, ಎಂಟು ಗಂಟೆ, ಸಾಕ್ಸ್ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತ ಹೋದ ಹಾಗೆ ನನಗೇ ನಂಬಿಕೆ ಬರಲಿಲ್ಲ.

ಹೆಡ್‌ಮಾಸ್ತರು ಕನ್ನಡಕ ತೆಗೆದರು. "ಅಮ್ಮಾ, ನೀವು ಹಲ್ಲು ಮಾಡೋರು. ನಿಮ್ಮ ಕನಿಕರ ಒಳ್ಳೇದು. ಆದ್ರೆ ಒಬ್ಬರನ್ನ ಉಳಿಸೋಕೆ ಇಂಥ ಕಥೆ ಕಟ್ಟಬಾರದು. ಟಿಫಿನ್ ಡಬ್ಬಿಯಂತೆ, ಇಪ್ಪತ್ತನಾಲ್ಕು ಮನೆಯಂತೆ, ಸಾಕ್ಸಂತೆ!"

ಸಭೆಗೆ ಸಭೆಯೇ ನಕ್ಕಿತು. ಕುಂಬಳಕಾಯಿ ಕಳ್ಳಿ ತಾನಾಗಿ ಬಂದು ಹೆಗಲು ತೋರಿಸಿದರೂ ಹಿಡಿಯುವವರಿಲ್ಲ! ಲೈನಣ್ಣ ಮಾತ್ರ ನಗಲಿಲ್ಲ. ಕಿವಿಯ ಪೆನ್ಸಿಲ್ಲು ತೆಗೆದು, "ಅಕ್ಕಾ, ಎರಡನೇ ತೂತಿಗೂ ಚುಚ್ಚಿದ್ರಾ?" ಎಂದ, ತೀರಾ ಮೆತ್ತಗೆ.

ಅಷ್ಟರಲ್ಲಿ ಎಂಟು ಹೊಡೆಯಿತು. ಕೈಕೈಯಲ್ಲಿದ್ದ ಫೋನುಗಳಲ್ಲೆಲ್ಲ ನೆಟ್ಟು ಒಟ್ಟಿಗೆ ಸತ್ತಿತು. ಆ ಕೆಳಗಿನ ಹಾಲ್‌ನಲ್ಲಿ ಫೋನ್ ಮಾಡಲು ಸಿಗ್ನಲ್ ಇರುತ್ತದೆ, ನೆಟ್ಟಿಗೆ ಮಾತ್ರ ಕಟ್ಟಡದ ಅದೇ ಲೈನಿನ ವೈಫೈಯೇ ಗತಿ.

"ನೋಡಿ, ಮತ್ತೆ ಶುರು!" ಹೆಡ್‌ಮಾಸ್ತರು ಲೈನಣ್ಣನ ಕಡೆ ಕೈ ಮಾಡಿದರು.

ನಾನು ಮಗಳಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರ ನಡುವೆ ಎತ್ತಿ ಹಿಡಿದೆ. "ಪುಟ್ಟಿ, ನನ್ನ ಲ್ಯಾಪ್‌ಟಾಪ್ ತೆಗಿ. ಪೆಟ್ಟಿಗೆಯ ಪುಟ ತೆರೆದೇ ಇದೆ. ಅದರಲ್ಲಿ 'ರಾತ್ರಿ ಊಟ' ಅಂತ ಒಂದು ನಿಯಮ ಇದೆ. ಅದನ್ನ ಆಫ್ ಮಾಡು."

"ಏನು?!"

"ಆಫ್ ಮಾಡು ಅಂದೆ."

"ಅಮ್ಮಾ, ಹುಷಾರಾಗಿದ್ದೀಯಾ? ಪಕ್ಕದಲ್ಲಿ ಯಾರಾದ್ರೂ ಹೆದರಿಸ್ತಾ ಇದ್ದಾರಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಮಾಡೇ!"

"ಪಾಸ್‌ವರ್ಡ್ ಕೇಳ್ತಿದೆ." ಆ ದನಿಯಲ್ಲಿದ್ದ ಭಕ್ತಿಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಪ್ಪತ್ತಮೂರು ಮನೆಯವರು ನನ್ನ ಬಾಯನ್ನೇ ನೋಡುತ್ತಿದ್ದರು. ಲೈನಣ್ಣನೂ. ನಾನು ಕಣ್ಣು ಮುಚ್ಚಿ ಹೇಳಿದೆ. "ಹಲ್ಲುಕಿತ್ತರೂಹೇಳಲ್ಲ. ಎಲ್ಲಾ ಸೇರಿಸಿ, ಮಧ್ಯ ಜಾಗ ಬಿಡದೆ."

"ಅಮ್ಮಾ! ನೀನು ದಿನಾ ಹೇಳ್ತಾನೇ ಇದ್ಯಲ್ಲಾ!"

ಟಕಟಕ ಕೀಲಿ ಸದ್ದು. ಆಮೇಲೆ ಒಂದು ಫೋನು 'ಟಿಂಗ್' ಎಂದಿತು. ಇನ್ನೊಂದು. ಮರುಕ್ಷಣ ಹಾಲಿನ ತುಂಬ ಟಿಂಗ್ ಟಿಂಗ್ ಎಂದು ಗೆಜ್ಜೆ ಚೀಲ ಒಡೆದು ಚೆಲ್ಲಿದ ಹಾಗೆ. ಕೊನೆಗೆ ಹೆಡ್‌ಮಾಸ್ತರ ಜೇಬೂ ಹಾಡಿತು.

ಲೈನಣ್ಣ ಪೆನ್ಸಿಲ್ಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಕೆಳಗೆ ಲೈನು ಸರಿ ಇದೆ ಸಾರ್," ಎಂದ.

ಹೆಡ್‌ಮಾಸ್ತರು ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿದರು. ಕ್ಷಮೆ ಕೇಳಲಿಲ್ಲ, ಅವರ ಜಾಯಮಾನವಲ್ಲ ಅದು. "ಸಭೆ ಮುಗೀತು. ಅವರಿಗೆ ಒಂದು ಕುರ್ಚಿ ಕೊಡ್ರಪ್ಪ, ಆಗಿಂದ ನಿಂತೇ ಇದ್ದಾರೆ," ಎಂದಷ್ಟೇ ಹೇಳಿ ಧಾರಾವಾಹಿಗೆ ಮೆಟ್ಟಿಲು ಹತ್ತಿದರು.

ಲೈನಣ್ಣ ಕೂರಲಿಲ್ಲ. ನನ್ನ ಜೊತೆ ಮೇಲೆ ಬಂದ. ಶೆಲ್ಫಿನ ಮುಂದೆ ಮಂಡಿಯೂರಿ, ಸಾಕ್ಸನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಪೆಟ್ಟಿಗೆಯ ಬೆನ್ನು ಮುಟ್ಟಿ ನೋಡಿದ.

"ಪಾಪ, ಜ್ವರ ಬಂದಿದೆ. ಅಕ್ಕಾ, ಗೋಡೇಲಿ ಎಷ್ಟು ತೂತಿದ್ರೂ ಎಲ್ಲಾ ಕೆಳಗೇ ಬರುತ್ತೆ. ಯಾರ ಮನೆ ರೌಟರ್ ಹೊಸದಾಗಿ ಆನ್ ಆದ್ರೂ 'ನನಗೆ ದಾರಿ ತೋರಿಸೋರು ಯಾರಪ್ಪಾ' ಅಂತ ಕೂಗುತ್ತೆ. ನಮ್ಮ ಹಳೇ ಮೆಷಿನ್ನು ಕನ್ನಡಕ ಹುಡುಕೋದರೊಳಗೆ ನಿಮ್ಮ ಈ ಪುಣ್ಯಾತ್ಮ 'ಬನ್ನಿ ಬನ್ನಿ, ಕೂತ್ಕೊಳ್ಳಿ' ಅಂದುಬಿಟ್ಟಿದೆ. ಮೂರು ದಿನದ ಹಿಂದೆ ಬಾಗಿಲು ತೆಗೆದಿದ್ರೆ…"

"ತೆಗೀಬೇಕಿತ್ತು," ಎಂದೆ. "ತಪ್ಪಾಯ್ತು ಲೈನಣ್ಣ."

ಅವನು ತಲೆಯಾಡಿಸಿದ. ಪರವಾಗಿಲ್ಲ ಎನ್ನಲಿಲ್ಲ. ಎರಡನೆಯ ತೂತಿನ ವೈರು ಕಿತ್ತು ನನ್ನ ಕೈಗೆ ಕೊಟ್ಟ. "ಈ ತೂತಿಗೆ ಏನಾದ್ರೂ ಮುಚ್ಚಳ ಹಾಕಿ. ನಾಳೆ ಮಕ್ಕಳ ಕೋಣೆಗೆ ನಾನೇ ಹೊರಗಿಂದ ವೈರು ಎಳೀತೀನಿ. ನೀವು ಮುಟ್ಟಬೇಡಿ."

"ಮುಟ್ಟಲ್ಲ."

"ಇಪ್ಪತ್ತೆಂಟು ಹಲ್ಲು ಅಂತಲೂ ಹೇಳಬೇಡಿ."

ಮರುದಿನ ಲ್ಯಾಬಿನಿಂದ ವಸಡಿಗೆ ಬಳಸುವ ಗುಲಾಬಿ ಅಕ್ರಿಲಿಕ್ ಒಂದು ಚಿಟಿಕೆ ತಂದು, ತೂತಿನ ಅಳತೆಗೆ ಬಿರಡೆ ಮಾಡಿ ಕೂರಿಸಿದೆ. ಕಚ್ಚಿಸಿಯೂ ನೋಡಿದೆ. ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ ಲೈನಣ್ಣ ಅದನ್ನು ಉಗುರಿನಿಂದ ಎಬ್ಬಿಸಿ ನೋಡಿದ, ಬರಲಿಲ್ಲ. "ಇದು ನಿಮ್ಮ ಕೆಲಸ," ಎಂದ, "ಇಂಥಾದ್ದು ಇನ್ನೂ ಇಪ್ಪತ್ತಮೂರು ಮಾಡಿಕೊಡಿ. ಬೇರೆಯವರ ಮನೇಲೂ ಜಾಣರಿರ್ತಾರೆ."

ಈ ವಾರವೆಲ್ಲ ಊಟದ ವಿರಾಮದಲ್ಲಿ ಕೂತು ಅದನ್ನೇ ಮಾಡುತ್ತಿದ್ದೇನೆ. ಹದಿನಾಲ್ಕು ಮುಗಿದಿವೆ. ಪಾಸ್‌ವರ್ಡ್ ಬದಲಾಗಿದೆ, ಮಗಳು ನನ್ನ ಪ್ರತಿಯೊಂದು ಬೈಗುಳವನ್ನೂ ಬರೆದಿಟ್ಟುಕೊಳ್ಳುತ್ತಿದ್ದಾಳೆ. ಪೆಟ್ಟಿಗೆ ಮತ್ತೆ ಬೆಕ್ಕಿನ ಹೊಟ್ಟೆಯಷ್ಟೇ ಬೆಚ್ಚಗಿದೆ. ಅದೊಂದಕ್ಕೆ ಮಾತ್ರ ಅತ್ತೆ ನನ್ನನ್ನು ಕ್ಷಮಿಸಿಲ್ಲ. ಬೆಳಿಗ್ಗೆ ಒದ್ದೆ ಸಾಕ್ಸ್ ನನ್ನ ಮುಖದ ಮುಂದೆ ಹಿಡಿದು, "ಇಡೀ ಬಿಲ್ಡಿಂಗ್ ಇತ್ತು, ಒಂದು ಗಂಟೇಲಿ ಒಣಗ್ತಿತ್ತು. ಎಲ್ಲಾ ನೀನೇ ಓಡಿಸಿದೆ," ಎಂದರು.