ತಾಸಗಾವದಿಂದ ಒಬ್ಬರೇ ಬಂದ ಡ್ರೈವರ್ ಸಾಹೇಬ್ರು

ನಮ್ಮ ವೈಜಯಂತಿ ಭೂಗೋಳದ ಟೀಚರಾಗಿದ್ದಳು. ನಾನು ಅವಳ ಅಣ್ಣನ ಹೆಂಡತಿ, ಅವಳ ಬಾಯಲ್ಲಿ ವಹಿನಿ. ಸಾಂಗಲಿಯ ಗಾಂವಭಾಗದ ಹಳೇ ಮನೆಯಲ್ಲಿ ನಾವು ಮೂವರೇ. ಕಣ್ಣಿನೊಳಗಿನ ಒತ್ತಡ ಏರುವ ರೋಗ ಅವಳ ನೋಟವನ್ನು ಅಂಚಿನಿಂದ ತಿನ್ನುತ್ತ ಬಂದು ಕೊನೆಗೆ ನಡುವಿನ ಚೂರನ್ನೂ ನುಂಗಿತು. ಶಾಲೆ ಬಿಟ್ಟಳು, ಮಾತು ಬಿಟ್ಟಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಅಷ್ಟೇ.

ಅವಳನ್ನು ಮತ್ತೆ ಮಾತಿಗೆ ಹಚ್ಚಿದ್ದು ಫೋನು. ಅದರೊಳಗೇ ಓದುವ ದನಿಯೊಂದಿದೆ, ಬೆರಳು ಸವರಿದರೆ ಏನಿದೆ ಎಂದು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ ಎಂದು ಪುಣೆಯ ಗೆಳತಿಯೊಬ್ಬಳು ಕಲಿಸಿಕೊಟ್ಟಳು. ಈಗ ವೈಜೂ ಪರದೆಯನ್ನು ಪೂರ್ತಿ ಕಪ್ಪಾಗಿಸಿಕೊಂಡು ಕೆಲಸ ಮಾಡುತ್ತಾಳೆ. ಆ ದನಿಯ ವೇಗವೋ, ನಮ್ಮ ಕಿವಿಗೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಅವಳು ಅದರಲ್ಲೇ ಪೇಪರ್ ಓದುತ್ತಾಳೆ. ಗುಳಿಗೆಯ ಡಬ್ಬಿಯನ್ನು ಕ್ಯಾಮೆರಾಕ್ಕೆ ಹಿಡಿದು ತಾರೀಖು ಓದಿಸುತ್ತಾಳೆ. ನನ್ನ ಸೆರಗಿಗೂ ಒಮ್ಮೆ ಹಿಡಿದು, "ವಹಿನಿ, ಈ ಬದನಿಕಾಯಿ ಬಣ್ಣ ಯಾರು ಆರಿಸಿದ್ರು? ಅಣ್ಣ ಏನು?" ಅಂದಳು. ಹೌದು, ಅವರೇ ತಂದದ್ದು.

ಆಮೇಲೆ ಅವಳು ಹೊಸದಾಗಿ ಕಣ್ಣು ಕಳೆದುಕೊಂಡವರಿಗೆ ಫೋನಿನಲ್ಲೇ ಪಾಠ ಹೇಳತೊಡಗಿದಳು. ಹಾಗೆ ಸಿಕ್ಕವರು ತಾಸಗಾವದ ಜಮದಾಡೆ; ನಿವೃತ್ತಿ ಎಂಬುದು ಅವರ ಹೆಸರೇ. ಜೀವನವಿಡೀ ಸರಕಾರಿ ಎಸ್‌ಟಿ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದಿತ್ತು. ಮೊದಲ ಪಾಠ ನಾನು ಪಕ್ಕದಲ್ಲಿ ಮೆಂತ್ಯೆಸೊಪ್ಪು ಬಿಡಿಸುತ್ತ ಕೇಳಿದೆ.

"ಡ್ರೈವರ್ ಸಾಹೇಬ್ರ, ಅದು ಹಾರ್ನ್ ಅಲ್ರಿ, ಅಷ್ಟು ಜೋರ ಒತ್ತಬ್ಯಾಡ್ರಿ. ಇರುವಿ ಬೆನ್ನ ಮ್ಯಾಲೆ ಬೆರಳಾಡಿಸಿದಂಗ ಸವರ್ರಿ."

"ಮೊದಲ ಇರುವಿ ಎಲ್ಲೆ ಅದ ಹೇಳ್ರಿ ಮ್ಯಾಡಂ."

ಅವರು ಫೋನನ್ನು ಹಾಸಿಗೆಗೆ ಎಸೆಯುತ್ತಿದ್ದರು, ಮತ್ತೆ ಹುಡುಕಿ ಎತ್ತಿಕೊಳ್ಳುತ್ತಿದ್ದರು. ಒಂದು ದಿನ ಅದಕ್ಕೆ ಬಾಯಿಗೆ ಬಂದ ಹಾಗೆ ಬೈಯುವಾಗ ಬೆರಳು ಎಲ್ಲೋ ತಟ್ಟಿ, ಬೈಗುಳವೆಲ್ಲ ನೇರ ಬೀಗರ ಕಿವಿಗೆ ಬಿತ್ತಂತೆ. "ಇನ್ನ ಸಾಕ್ರಿ, ನನ್ನ ಕೈಲಿ ಆಗೂದಿಲ್ಲ," ಅಂದರು. ವೈಜೂ ನಕ್ಕು, "ಬೀಗರಿಗೆ ಕರೆ ಹೋತಲ್ಲ, ಅಷ್ಟು ಕಲತೀರಿ. ನಾಳೆ ತಪ್ಪಾತು ಅನ್ನಲಿಕ್ಕೆ ನೀವಾ ಫೋನ್ ಹಚ್ಚ್ರಿ," ಅಂದಳು. ಮರುದಿನ ಅವರೇ ಹಚ್ಚಿದರು.

ಮತ್ತೊಂದು ಸಂಜೆ ಅವರ ದನಿ ಬೇರೆಯಾಗಿತ್ತು. "ಮ್ಯಾಡಂ, ಮಗಳು ಫೋನಿನ್ಯಾಗ ಬರದು ಕಳಿಸಿದ್ದನ್ನ ಇಷ್ಟು ದಿನ ಓಣಿಯವರು ಓದಿ ಹೇಳ್ತಿದ್ರು. ಇವತ್ತು ನಾನಾ ಕೇಳಿದೆ. ನಡುವ ಯಾರೂ ಇದ್ದಿಲ್ಲ."

ದಾರಿ ಹೇಳುವ ನಕಾಶೆ ಕಲಿತ ಮೇಲೆ ಅವರು ಸಾಂಗಲಿಗೆ ಒಬ್ಬರೇ ಬರುತ್ತೇನೆಂದರು. ನನ್ನ ಗಂಡ ಪ್ರಭಾಕರ, "ಕುರುಡ ಕುರುಡಗ ದಾರಿ ತೋರಿಸಿದಂಗ ಆತು," ಎಂದು ಗೊಣಗಿದರು.

"ಅಣ್ಣಾ," ಅಂದಳು ವೈಜೂ, "ಎರಡು ಕಣ್ಣಿಟ್ಟುಕೊಂಡು ಮಿರಜಿಗೆ ಹೋಗಿ, ಗುರುತಿಲ್ಲದವರ ಮದುವಿಯೊಳಗ ಉಂಡು, ಆಹೇರಿ ಉಡುಗೊರಿನೂ ಕೊಟ್ಟು ಬಂದವ ನೀನು."

ಜಮದಾಡೆಯವರು ಬರುವ ದಿನ ನಾನು ಅವಲಕ್ಕಿ ತೋಯಿಸುತ್ತಿದ್ದೆ. ಫೋನು ಬಂತು. ಡ್ರೈವರ್ ಸಾಹೇಬರ ಗಟ್ಟಿ ದನಿ ಅಂದು ಸಣ್ಣಗಾಗಿತ್ತು. ರಸ್ತೆ ಅಗೆದದ್ದರಿಂದ ಬಸ್ಸು ಸ್ಟ್ಯಾಂಡಿಗೆ ಹೋಗದೆ ಎಲ್ಲೋ ನಿಂತು ಎಲ್ಲರನ್ನೂ ಇಳಿಸಿತ್ತು. ನಕಾಶೆಯ ಮಾತು ಕೇಳುತ್ತ ನಡೆದವರು ಇಕ್ಕಟ್ಟಿನ ಓಣಿಗಳಲ್ಲಿ ಸಿಕ್ಕಿಕೊಂಡಿದ್ದರು. "ಒಮ್ಮೆ ಎಡಕ್ಕ ಅಂತದ, ಒಮ್ಮೆ ಹೊಳ್ಳಿ ಹೋಗ್ರಿ ಅಂತದ ಮ್ಯಾಡಂ. ನಾನು ಎಲ್ಲೆ ಅದೀನಿ ನನಗ ತಿಳೀವಲ್ದು."

ನಾನು ಚಪ್ಪಲಿ ಮೆಟ್ಟಿದೆ. ವೈಜೂ ಕೈ ಅಡ್ಡ ಹಿಡಿದಳು. "ನಿಲ್ಲು ವಹಿನಿ. ಅವರು ಫೋನ್ ಮಾಡಿದ್ದು ನನಗ."

ನಿಂತ ಜಾಗವನ್ನು ಕಳಿಸಲು ಹೇಳಿದಳು. ಅವಳ ಫೋನು ಸರಸರ ಓದಿತು: ಹರಭಟ ರಸ್ತೆಯ ಹಿಂದೆ. ಅಲ್ಲಿ ಓಣಿಗಳು ಜಡೆಯ ಹಾಗೆ ಹೆಣೆದುಕೊಂಡಿವೆ.

"ಕ್ಯಾಮೆರಾ ತಗೀರಿ. ಯಾವುದಾದ್ರೂ ಒಂದು ಬೋರ್ಡ್ ಓದಸ್ರಿ."

ಆ ಕಡೆಯ ಫೋನು ಗಂಭೀರವಾಗಿ ಓದತೊಡಗಿತು. ಯಾರೋ ಭಾವಿ ನಗರಸೇವಕರಿಗೆ, ಅಂದರೆ ಮುಂದಿನ ಚುನಾವಣೆಗೆ ನಿಲ್ಲುವವರಿಗೆ, ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು. ಕೆಳಗೆ ಕೋರುವವರ ಹೆಸರು ಸಾಲುಸಾಲಾಗಿ, ಮುಗಿಯಲೇ ಇಲ್ಲ. ವೈಜೂ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಹೇಬ್ರ, ಇಂಥಾ ಬ್ಯಾನರ್ ಓಣಿಗೊಂದು ಅವ. ಇನ್ನೊಂದು ಹುಡುಕ್ರಿ."

ಅವರೂ ನಕ್ಕರು. ಹೆದರಿಕೆ ಇಳಿದದ್ದು ಆ ನಗುವಿನಲ್ಲೇ ತಿಳಿಯಿತು. ಮುಂದಿನದು ಸರಿಯಾದ ಬೋರ್ಡು: ಅನ್ನಪೂರ್ಣಾ ಹಿಟ್ಟಿನ ಗಿರಣಿ.

"ಹೌದ್ರಿ, ಜ್ವಾಳದ ಹಿಟ್ಟಿನ ವಾಸನಿ ಬರಾಕತ್ತೇತಿ," ಅಂದರು.

ವೈಜೂ ಕಣ್ಣು ಮುಚ್ಚಿಕೊಂಡಳು. ಶಾಲೆಗೆ ನಡೆದ ಓಣಿಗಳೆಲ್ಲ ಅವಳ ತಲೆಯಲ್ಲಿ ಬಿಡಿಸಿಟ್ಟ ಹಾಗೇ ಇದ್ದವು. "ಗಿರಣಿ ಬೆನ್ನಿಗೆ ಹಾಕಿ ನಿಲ್ಲ್ರಿ. ರಸ್ತೆ ಯಾವ ಕಡೆ ಇಳೀತದ?"

"ಬಲಕ್ಕ. ಸಣ್ಣ ಇಳಿಜಾರ. ಎರಡನೇ ಗೇರಿಂದು."

"ಆ ಇಳಿಜಾರ ಹಿಡೀರಿ. ಅದು ಕೃಷ್ಣಾ ಹೊಳಿ ಕಡೆ ಬರ್ತದ. ಗುಡಿ ಘಂಟಿ ಕೇಳಿಸ್ತಂದ್ರ ಹೇಳ್ರಿ, ಅಲ್ಲೆ ಎಡಕ್ಕ ಹೊಳ್ಳಿದ್ರ ನಮ್ಮ ಓಣಿ."

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೋಲಿನ ಟಕ್ ಟಕ್ ಫೋನಿನಿಂದಲೂ ಬರುತ್ತಿತ್ತು, ಆಮೇಲೆ ಓಣಿಯಿಂದಲೂ ಬಂತು. ಬಿಳಿ ಟೋಪಿ, ಇಸ್ತ್ರಿ ಅಂಗಿ, ಬಗಲಲ್ಲಿ ತಾಸಗಾವದ ಒಣದ್ರಾಕ್ಷಿಯ ಚೀಲ. ಇಷ್ಟು ಎತ್ತರದ ಮನುಷ್ಯ ಎಂದು ನಾನು ಎಣಿಸಿರಲಿಲ್ಲ.

"ಮ್ಯಾಡಂ, ಎಲ್ಲೆ ಅದೀರಿ?"

"ನಿಮ್ಮ ಮುಂದನಾ ಅದೀನ್ರಿ," ಎನ್ನುತ್ತ ವೈಜೂ ಹೊಸ್ತಿಲಿಗೆ ಬಂದಳು.

ಇಬ್ಬರೂ ಕೈ ಚಾಚಿದರು. ಕೈಗಳು ಗಾಳಿಯಲ್ಲಿ ಒಮ್ಮೆ ತಪ್ಪಿದವು, ಮತ್ತೊಮ್ಮೆ ತಪ್ಪಿದವು, ಆಮೇಲೆ ಸಿಕ್ಕವು. ನಾನು ಹಿಡಿದು ಕೂಡಿಸಲಿಲ್ಲ. ಯಾಕೋ ಕೂಡಿಸಬಾರದು ಅನ್ನಿಸಿತು.

ಅವಲಕ್ಕಿ ತಿಂದು, ಚಹಾ ಕುಡಿದು, ಮಧ್ಯಾಹ್ನವಿಡೀ ಇಬ್ಬರೂ ಫೋನುಗಳನ್ನು ವಟಗುಟ್ಟಿಸುತ್ತ ಕೂತರು. ಹೊರಡುವಾಗ ನನ್ನ ಗಂಡ ತಾವಾಗಿಯೇ ಮೋಟಾರ್ ಸೈಕಲ್ ಹೊರಗೆ ತೆಗೆದು, "ಬಸ್ ನಿಂದ್ರೂ ಜಾಗಾ ತನಕ ಬಿಡ್ತೀನಿ ಬರ್ರಿ," ಅಂದರು.

"ಬರ್ತೀನಿ. ಆದ್ರ ದಾರಿ ನಾ ಹೇಳ್ತೀನಿ, ನೀವು ಸುಮ್ನ ಓಡಸ್ರಿ."

ಹಿಂದೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನನ್ನ ಗಂಡ ತಿರುಗಿ ಬಂದಾಗ ಅವರ ಮುಖದಲ್ಲಿ ಶಾಲೆಯ ಹುಡುಗನ ಬೆರಗು.

"ಅಗದ ರಸ್ತೆ ತಪ್ಪಿಸಿ ಸೀದಾ ಕರಕೊಂಡ ಹೋದ್ರು ನೋಡು," ಅಂದರು. "ಮತ್ತ ನಡುವ ಬೈದ್ರು. ಗೇರ್ ಬದಲಸ್ರಿ, ಎಂಜಿನ್ ಅಳಾಕತ್ತೇತಿ ಅಂತ."

ವೈಜೂಗೆ ಇದನ್ನು ಹೇಳೋಣವೆಂದು ಒಳಗೆ ಹೋದೆ. ಅವಳು ಕೈಸನ್ನೆಯಿಂದ ತಡೆದಳು. ವಿಟಾ ಊರಿನ ಹುಡುಗಿಯೊಬ್ಬಳಿಗೆ ಆಗಲೇ ಮೊದಲ ಪಾಠ ಶುರುವಾಗಿತ್ತು.